ಬ್ರಿಟನ್ ಪದವಿಯ ಕ್ಲಾಸ್ ಲೆಕ್ಕ: ಒಂದೇ ಅಂಕಪಟ್ಟಿ, ಎರಡು ಫಲಿತಾಂಶ

ಬ್ರಿಟನ್ನಿನ ಆನರ್ಸ್ ಪದವಿಯಲ್ಲಿ 70 ಮತ್ತು ಅದಕ್ಕೆ ಮೇಲ್ಪಟ್ಟರೆ ಫಸ್ಟ್, 60ರಿಂದ 69 ಅಪ್ಪರ್ ಸೆಕೆಂಡ್ (ಬಾಯಿಮಾತಿನಲ್ಲಿ ಟೂ-ಒನ್), 50ರಿಂದ 59 ಲೋಯರ್ ಸೆಕೆಂಡ್ (ಟೂ-ಟೂ), 40ರಿಂದ 49 ಥರ್ಡ್. 60 ದಾಟಿದರೆ ಫಸ್ಟ್ ಕ್ಲಾಸ್ ಎಂದೇ ಬೆಳೆದ ನಮಗೆ 62 ಬಂದವನು ಅಲ್ಲಿ ಸೆಕೆಂಡ್ ಅಂದರೆ ಕಸಿವಿಸಿ. ಪ್ರಬಂಧಗಳಿಗೆ 80 ಬೀಳುವುದೇ ಅಲ್ಲಿ ಅಪರೂಪ ಎಂದು ಗೊತ್ತಾದ ಮೇಲೆ ಸ್ವಲ್ಪ ಸಮಾಧಾನ. ನಿಜವಾದ ತೊಡಕಿರುವುದು ಆ ಅಂತಿಮ ಸರಾಸರಿ ಎಲ್ಲಿಂದ ಬರುತ್ತದೆ ಅನ್ನುವುದರಲ್ಲಿ. ಅದಕ್ಕೆ ದೇಶಕ್ಕೆಲ್ಲ ಒಂದೇ ಸೂತ್ರವಿಲ್ಲ, ಒಂದೊಂದು ವಿಶ್ವವಿದ್ಯಾಲಯದ್ದೂ ಒಂದೊಂದು ನಿಯಮ.

ಇಂಗ್ಲೆಂಡಿನಲ್ಲಿ ಮೂರು ವರ್ಷದ ಪದವಿಗೆ 360 ಕ್ರೆಡಿಟ್ (ಓದಿನ ಪ್ರಮಾಣದ ಅಳತೆ), ವರ್ಷಕ್ಕೆ 120. ಸ್ಕಾಟ್ಲೆಂಡಿನ ಆನರ್ಸ್‌ಗೆ ನಾಲ್ಕು ವರ್ಷ, 480 ಕ್ರೆಡಿಟ್. ಇಂಗ್ಲೆಂಡಿನಲ್ಲಿ ಮೊದಲ ವರ್ಷ ಸಾಮಾನ್ಯವಾಗಿ ಪಾಸಾದರೆ ಸಾಕು, ಅದರ ಅಂಕ ಕ್ಲಾಸಿಗೆ ಸೇರುವುದಿಲ್ಲ. ಉಳಿದ ಎರಡು ವರ್ಷಗಳಲ್ಲಿ ಕೊನೆಯ ವರ್ಷಕ್ಕೆ ತೂಕ ಹೆಚ್ಚು: ಕೆಲವೆಡೆ 1:2, ಕೆಲವೆಡೆ 1:3, ಇನ್ನು ಕೆಲವೆಡೆ 40:60.

ಒಂದು ಅಂಕಪಟ್ಟಿ ಇಟ್ಟುಕೊಂಡೇ ನೋಡೋಣ.

ಎರಡನೇ ವರ್ಷ, ತಲಾ 20 ಕ್ರೆಡಿಟ್‌ನ ಆರು ಮಾಡ್ಯೂಲ್ (ಅಂದರೆ ಬಿಡಿ ವಿಷಯಗಳು): 62, 58, 65, 71, 55, 61. ಸರಾಸರಿ 62.

ಮೂರನೇ ವರ್ಷ, 40 ಕ್ರೆಡಿಟ್‌ನ ಡಿಸರ್ಟೇಶನ್‌ಗೆ (ಕೊನೆಯ ವರ್ಷದ ದೊಡ್ಡ ಸಂಶೋಧನಾ ಪ್ರಬಂಧ) 74. 20 ಕ್ರೆಡಿಟ್‌ನ ನಾಲ್ಕು ಮಾಡ್ಯೂಲ್: 68, 63, 72, 70.

ಹೆಚ್ಚಿನವರು ಎಡವುವುದು ಇಲ್ಲೇ. ಐದೂ ಅಂಕ ಕೂಡಿ ಐದರಿಂದ ಭಾಗಿಸಿದರೆ 69.4 ಬರುತ್ತದೆ, ಅದು ತಪ್ಪು. ಡಿಸರ್ಟೇಶನ್‌ಗೆ ಎರಡು ಮಾಡ್ಯೂಲಿನಷ್ಟು ಕ್ರೆಡಿಟ್ ಇರುವುದರಿಂದ 74ನ್ನು ಎರಡು ಸಲ ಹಿಡಿಯಬೇಕು. ಆಗ 421ನ್ನು 6ರಿಂದ ಭಾಗಿಸಿ 70.17.

ಈಗ ತೂಕ ಹಾಕಿ. 1:2 ಆದರೆ 62 + 70.17 + 70.17, ಮೂರರಿಂದ ಭಾಗಿಸಿದರೆ 67.44. 1:3 ಆದರೆ 68.13. ಎರಡೂ ಟೂ-ಒನ್ ತಾನೇ ಅನ್ನಬಹುದು. ಅಲ್ಲ, ಯಾಕೆಂದರೆ ಹಲವು ಕಡೆ ಗಡಿರೇಖೆಯ ನಿಯಮವೊಂದಿದೆ. ಸರಾಸರಿ ಮೇಲಿನ ಕ್ಲಾಸಿಗೆ ಎರಡು ಅಂಕದೊಳಗೆ ಕಡಿಮೆ ಬಿದ್ದಿದ್ದು, ಕೊನೆಯ ವರ್ಷದ ಕ್ರೆಡಿಟ್‌ಗಳಲ್ಲಿ ಕನಿಷ್ಠ ಅರ್ಧ ಆ ಮೇಲಿನ ಕ್ಲಾಸಿನಲ್ಲಿದ್ದರೆ ಬಡ್ತಿ ಸಿಗುತ್ತದೆ (ಎಷ್ಟು ಅಂಕ, ಎಷ್ಟು ಕ್ರೆಡಿಟ್ ಎಂಬುದು ಊರಿಗೊಂದು ಥರ). ನಮ್ಮ ಪಟ್ಟಿಯಲ್ಲಿ 74, 72, 70 ಸೇರಿ 120ರಲ್ಲಿ 80 ಕ್ರೆಡಿಟ್ ಫಸ್ಟ್‌ನಲ್ಲಿವೆ. ಹಾಗಾಗಿ 68.13 ಬಂದವನಿಗೆ ಫಸ್ಟ್, 67.44 ಬಂದವನಿಗೆ ಟೂ-ಒನ್. ಬರೆದ ಪರೀಕ್ಷೆ ಒಂದೇ, ಪಡೆದ ಅಂಕವೂ ಒಂದೇ. ನನ್ನ ಕೇಳಿದರೆ, ಕ್ಲಾಸನ್ನು ಮಾತ್ರ ನೋಡಿ ಇಬ್ಬರು ಪದವೀಧರರನ್ನು ಅಳೆಯುವುದು ಅರ್ಧಂಬರ್ಧ ಅಳತೆ.

ಕೆಲವು ವಿಶ್ವವಿದ್ಯಾಲಯಗಳು ತೀರಾ ಕಡಿಮೆ ಬಂದ 20 ಕ್ರೆಡಿಟ್‌ಗಳನ್ನು ಕೈಬಿಡುತ್ತಿದ್ದವು. ಇಲ್ಲಿ 55 ಬಿಟ್ಟರೆ ಎರಡನೇ ವರ್ಷ 63.4, ಒಟ್ಟು (1:2ರಲ್ಲಿ) 67.91. ಅದನ್ನು 68 ಎಂದು ಸರಿಹೊಂದಿಸುತ್ತಾರೋ ಇಲ್ಲವೋ ಎಂಬುದರ ಮೇಲೆ ಹಣೆಬರಹ! 2010ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಫಸ್ಟ್ ಪಡೆದವರ ಪಾಲು ದುಪ್ಪಟ್ಟಿಗೂ ಮಿಕ್ಕಿ ಏರಿದಾಗ ಇಂಥ ಸೂತ್ರಗಳ ಮೇಲೂ ಬೆರಳು ತೋರಿಸಿದ್ದುಂಟು.

ಮರುಪರೀಕ್ಷೆಯ ಅಂಕವನ್ನು ಬಹುತೇಕ ಕಡೆ 40ಕ್ಕೆ ಕಟ್ಟಿಹಾಕುತ್ತಾರೆ. ಮೇಲಿನ ಪಟ್ಟಿಯಲ್ಲಿ ಆ 61ರ ಜಾಗದಲ್ಲಿ 40 ಬಂದಿದ್ದರೆ ಎರಡನೇ ವರ್ಷದ ಸರಾಸರಿ 3.5 ಕುಸಿದು 58.5. 1:3ರಲ್ಲಿ ಒಟ್ಟು 67.25ಕ್ಕೆ ಇಳಿದು ಬಡ್ತಿಯೂ ಕೈತಪ್ಪುತ್ತದೆ. ಕಾಯಿಲೆ, ಮನೆಯ ಕಷ್ಟ ಇದ್ದರೆ ಪರೀಕ್ಷಾ ಮಂಡಳಿ ಸೇರುವ ಮುನ್ನವೇ, ಗಡುವಿನೊಳಗೆ ಅರ್ಜಿ ಹಾಕಿ. ಒಪ್ಪಿದರೂ ಸಾಮಾನ್ಯವಾಗಿ ಅಂಕ ಏರಿಸುವುದಿಲ್ಲ, ಆ 40ರ ಮಿತಿಯಿಲ್ಲದೆ ಮತ್ತೆ ಬರೆಯಲು ಬಿಡುತ್ತಾರೆ.