ಎಷ್ಟು ಕೆಜಿ ದಾಟಿದರೆ ವಿಮಾನದಲ್ಲಿ ಎರಡು ಟಿಕೆಟ್ ಬೇಕು?

ಪ್ರಶ್ನೆ: ನನ್ನ ತೂಕ 118 ಕೆಜಿ. ಮುಂದಿನ ತಿಂಗಳು ಮೊದಲ ಸಲ ವಿಮಾನ ಹತ್ತಬೇಕು. ನೂರು ಕೆಜಿ ದಾಟಿದವರು ಎರಡು ಟಿಕೆಟ್ ತೆಗೆದುಕೊಳ್ಳಲೇಬೇಕು ಅಂತ ಗೊತ್ತಿರುವವರು ಹೇಳಿದರು. ನಿಜವೇ? ಎಲ್ಲರೆದುರು ತೂಕ ಹಾಕುತ್ತಾರಾ?

ಇಲ್ಲ, ಹಾಗೊಂದು ನಿಯಮ ಇಲ್ಲ. ಯಾರೂ ನಿಮ್ಮನ್ನು ತಕ್ಕಡಿ ಮೇಲೆ ನಿಲ್ಲಿಸುವುದೂ ಇಲ್ಲ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಒಬ್ಬರು ನೂರು ಅಂತಾರೆ, ಇನ್ನೊಬ್ಬರು 110, ಮತ್ತೊಬ್ಬರು 130. ಅಂಕಿ ಬದಲಾಗುತ್ತದೆ, ಭಯ ಅದೇ. ಆ ಭಯಕ್ಕೆ ಪ್ರಯಾಣವನ್ನೇ ಬಿಟ್ಟವರನ್ನು ನೋಡಿದ್ದೇನೆ. ಅದಕ್ಕೇ ಈ ಸಲ ಬುಡದಿಂದ ಹೇಳುತ್ತೇನೆ, ಸಮಾಧಾನವಾಗಿ ಓದಿ.

ದೊಡ್ಡ ವಿಮಾನ ಸಂಸ್ಥೆಗಳು ನೋಡುವುದು ಅಗಲವನ್ನು. ಸೀಟಿನ ಎರಡೂ ಕಡೆಯ ಆರ್ಮ್‌ರೆಸ್ಟ್, ಅಂದರೆ ಕೈ ಊರುವ ಹಿಡಿ, ಪೂರ್ತಿ ಕೆಳಗೆ ಬರಬೇಕು. ಬೆಲ್ಟ್ ಹಾಕಿಕೊಳ್ಳಲು ಆಗಬೇಕು, ಸಾಲದಿದ್ದರೆ ಬೆಲ್ಟನ್ನು ಉದ್ದ ಮಾಡುವ ಒಂದು ಎಕ್ಸ್‌ಟೆಂಡರ್ ಸೇರಿಸಿಯಾದರೂ. ಪಕ್ಕದವರ ಜಾಗಕ್ಕೆ ನಿಮ್ಮ ಮೈ ಹೋಗಬಾರದು. ಅಮೆರಿಕದ ಯುನೈಟೆಡ್ ಈ ಮೂರನ್ನೂ ಹೀಗೇ ಬರೆದಿಟ್ಟಿದೆ. ಬೇರೆಯವರ ನಿಯಮ ಓದಿದರೂ ಸುತ್ತಿ ಬಳಸಿ ಆರ್ಮ್‌ರೆಸ್ಟಿನ ಹತ್ತಿರವೇ ಬಂದು ನಿಲ್ಲುತ್ತದೆ.

ತೂಕಕ್ಕೂ ಅಗಲಕ್ಕೂ ನೇರ ಸಂಬಂಧ ಇಲ್ಲ ಅನ್ನುವುದು ಯಾಕೋ ಜನರ ತಲೆಗೆ ಹೋಗುವುದೇ ಇಲ್ಲ. ಆರಡಿ ಎತ್ತರದ, 120 ಕೆಜಿಯ ಗಂಡಸೊಬ್ಬರಿಗೆ ತೂಕವೆಲ್ಲ ಹೊಟ್ಟೆ, ಎದೆ, ಭುಜದಲ್ಲಿ. ಅವರು ಕೂತರೆ ಎರಡೂ ಆರ್ಮ್‌ರೆಸ್ಟ್ ಸಲೀಸಾಗಿ ಇಳಿಯಬಹುದು. ಐದಡಿ ಎತ್ತರದ, 95 ಕೆಜಿಯ ಹೆಂಗಸೊಬ್ಬರಿಗೆ ತೂಕವೆಲ್ಲ ಸೊಂಟ, ತೊಡೆಯಲ್ಲಿ. ಅವರಿಗೆ ಅದೇ ಸೀಟು ಹಿಡಿದಂತಾಗಬಹುದು. ಕೆಜಿ ಲೆಕ್ಕ ಹಿಡಿದರೆ ಇಬ್ಬರಿಗೂ ತಪ್ಪು ಉತ್ತರ ಸಿಗುತ್ತದೆ.

ಮನೆಯಲ್ಲೇ ಅಳೆದು ನೋಡಿ. ಸೊಂಟಕ್ಕೆ ಟೇಪು ಸುತ್ತಿ ಸುತ್ತಳತೆ ಬರೆದು ಕಳಿಸಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. ಕೈ ಇಲ್ಲದ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಪಕ್ಕ ಮಾಡಿ ಇಡಿ. ಒಂದು ಕಡೆಯ ಸೊಂಟ ಗೋಡೆಗೆ ತಾಗುವಂತೆ, ಸಹಜವಾಗಿ ಕಾಲು ಬಿಟ್ಟು ಕುಳಿತುಕೊಳ್ಳಿ. ಇನ್ನೊಂದು ಕಡೆಗೆ ಮನೆಯವರು ಯಾರಾದರೂ ಒಂದು ರಟ್ಟಿನ ಪೆಟ್ಟಿಗೆಯನ್ನು ಮೈಗೆ ಮೆಲ್ಲಗೆ ತಾಗುವ ಹಾಗೆ ಇಡಲಿ. ಒತ್ತಬಾರದು. ಎದ್ದು ಬಂದು, ಗೋಡೆಯಿಂದ ಪೆಟ್ಟಿಗೆವರೆಗಿನ ಅಗಲ ಅಳೆಯಿರಿ. ಎಕಾನಮಿ ಸೀಟು ಸಾಮಾನ್ಯವಾಗಿ 17ರಿಂದ 18.5 ಇಂಚು, ಅಂದರೆ 43ರಿಂದ 47 ಸೆಂಟಿಮೀಟರ್. ನಿಮ್ಮ ಅಳತೆ 43ರೊಳಗೆ ಇದ್ದರೆ ನೆಮ್ಮದಿಯಾಗಿ ಒಂದೇ ಟಿಕೆಟ್ ತೆಗೆದುಕೊಳ್ಳಿ. ಒಂದೆರಡು ಸೆಂಟಿಮೀಟರ್ ಜಾಸ್ತಿ ಇದ್ದರೂ ಮೈ ಸ್ವಲ್ಪ ಒತ್ತಿಕೊಳ್ಳುತ್ತದೆ, ಸಂಭಾಳಿಸಬಹುದು. 50 ದಾಟಿದರೆ ಎರಡನೇ ಸೀಟಿನ ಬಗ್ಗೆ ಈಗಲೇ ಯೋಚಿಸಿ.

ಇಷ್ಟು ಹೇಳಿದ ಮೇಲೂ "ಆದರೂ ಸಾರ್, ತೂಕ..." ಅಂತ ಶುರುವಾಗುತ್ತದೆ. ಸರಿ, ಅದನ್ನೂ ನೋಡೋಣ.

ಒಂದು ವಾದ, ಸೀಟನ್ನು 77 ಕೆಜಿಗೆ ಮಾತ್ರ ಪರೀಕ್ಷೆ ಮಾಡಿರುತ್ತಾರೆ, ಅದಕ್ಕಿಂತ ಭಾರದವರು ಕೂತರೆ ಮುರಿಯುತ್ತದೆ ಅನ್ನುವುದು. ಇದರಲ್ಲಿ ಅರ್ಧ ನಿಜ ಇರುವುದರಿಂದಲೇ ಇದು ಸಾಯುತ್ತಿಲ್ಲ. ಪರೀಕ್ಷೆಗೆ ಬಳಸುವ ಗೊಂಬೆಯ ತೂಕ ನಿಜವಾಗಿಯೂ 170 ಪೌಂಡು, ಅಂದರೆ 77 ಕೆಜಿ. ಆದರೆ ಆ ಗೊಂಬೆಯನ್ನು ಸುಮ್ನೆ ಕೂರಿಸಿ ನೋಡುವುದಿಲ್ಲ. 1988ರಲ್ಲಿ ಅಮೆರಿಕ ತಂದ ನಿಯಮದ ಪ್ರಕಾರ, ವಿಮಾನ ಡಿಕ್ಕಿ ಹೊಡೆದಾಗ ಆಗುವಂತೆ ಗುರುತ್ವದ 16 ಪಟ್ಟು ಎಳೆತದಲ್ಲಿ ಸೀಟೂ ಬೆಲ್ಟೂ ಗೊಂಬೆಯನ್ನು ಹಿಡಿದಿಡಬೇಕು. 77ನ್ನು 16ರಿಂದ ಗುಣಿಸಿ ನೋಡಿ, ಒಂದು ಟನ್ನು ದಾಟುತ್ತದೆ. ಅಂಥ ಎಳೆತ ತಡೆಯುವ ಚೌಕಟ್ಟು ನೀವು ಕೂತಿದ್ದಕ್ಕೆ ಮುರಿಯುತ್ತದಾ?

ಇನ್ನೊಂದು ವಾದ ಇಂಧನದ್ದು. ಏರ್‌ಬಸ್ ಎ320 ಪೂರ್ತಿ ತುಂಬಿಕೊಂಡು ಮೇಲೇಳುವಾಗ ಸುಮಾರು 78 ಟನ್ ತೂಗಬಹುದು. ಪಕ್ಕದವರಿಗಿಂತ ನೀವು 40 ಕೆಜಿ ಜಾಸ್ತಿ ಅಂತಿಟ್ಟುಕೊಳ್ಳಿ. ಅದು ವಿಮಾನದ ತೂಕದಲ್ಲಿ ಎರಡು ಸಾವಿರಕ್ಕೆ ಒಂದು ಪಾಲು. ಅದಕ್ಕಾಗಿ ನಿಮ್ಮ ಕೈಯಲ್ಲಿ ಎರಡನೇ ಟಿಕೆಟ್ ಯಾರೂ ಕೊಳ್ಳಿಸುವುದಿಲ್ಲ. ಎರಡನೇ ಟಿಕೆಟ್ ಎಂದರೆ ಎರಡನೇ ಜಾಗದ ಬೆಲೆ, ಅಷ್ಟೇ.

ಹಾಗಾದರೆ ಪ್ರಯಾಣಿಕರನ್ನು ತೂಕ ಹಾಕಿದ ಸುದ್ದಿ ಸುಳ್ಳಾ? ಸುಳ್ಳಲ್ಲ. ಏರ್ ನ್ಯೂಜಿಲೆಂಡ್ ಮತ್ತು ಕೊರಿಯನ್ ಏರ್ 2023ರಲ್ಲಿ, ಫಿನ್‌ಏರ್ 2024ರಲ್ಲಿ ಹಾಕಿದವು. ಆದರೆ ಅದರ ಉದ್ದೇಶ ಬೇರೆ. ವಿಮಾನ ಹೊರಡುವ ಮುಂಚೆ ಒಟ್ಟು ತೂಕ ಎಷ್ಟು, ಅದು ಮುಂದೆ ಹಿಂದೆ ಹೇಗೆ ಹಂಚಿದೆ ಅಂತ ಲೆಕ್ಕ ಹಾಕಲೇಬೇಕು. ಒಬ್ಬೊಬ್ಬರನ್ನೂ ತೂಗಲು ಆಗದ್ದರಿಂದ ಸರಾಸರಿ ಹಿಡಿಯುತ್ತಾರೆ. ಯುರೋಪಿನಲ್ಲಿ 30 ಸೀಟು ಅಥವಾ ಅದಕ್ಕಿಂತ ದೊಡ್ಡ ವಿಮಾನಗಳಿಗೆ ವಯಸ್ಕರೊಬ್ಬರಿಗೆ, ಕೈಚೀಲವೂ ಸೇರಿ, 84 ಕೆಜಿ ಎಂಬ ಸರಾಸರಿ ಬಳಕೆಯಲ್ಲಿದೆ. ಆ ಸರಾಸರಿ ಇವತ್ತಿನ ಜನರಿಗೆ ಹೊಂದುತ್ತದಾ ಅಂತ ನೋಡಲು ನಡೆಯುವ ಸಮೀಕ್ಷೆ ಅದು. ಫಿನ್‌ಏರ್‌ನಲ್ಲಿ ಇಷ್ಟವಿದ್ದವರು ಮಾತ್ರ ನಿಂತರು, ಹೆಸರಿಗೂ ತೂಕಕ್ಕೂ ನಂಟು ಹಾಕಲಿಲ್ಲ.

ಸರಾಸರಿ ತಪ್ಪಿದರೆ ಏನಾಗುತ್ತದೆ ಅನ್ನುವುದು 2003ರ ಜನವರಿ 8ರಂದು ಅಮೆರಿಕದ ಷಾರ್ಲಟ್‌ನಲ್ಲಿ ಗೊತ್ತಾಯಿತು. 19 ಸೀಟಿನ ಪುಟ್ಟ ಬೀಚ್‌ಕ್ರಾಫ್ಟ್ ವಿಮಾನ ಮೇಲೇಳುತ್ತಲೇ ಬಿದ್ದು, ಒಳಗಿದ್ದ 21 ಮಂದಿಯೂ ಸತ್ತರು. ವಿಮಾನದ ಮೂತಿಯನ್ನು ಮೇಲೆ ಕೆಳಗೆ ಮಾಡುವ, ಬಾಲದಲ್ಲಿರುವ ಎಲಿವೇಟರ್ ಎಂಬ ಭಾಗದ ಕೇಬಲ್ಲನ್ನು ರಿಪೇರಿಯಲ್ಲಿ ತಪ್ಪಾಗಿ ಕೂರಿಸಿದ್ದರು. ಅದರ ಮೇಲೆ ಹಿಂಭಾಗದ ಭಾರ ಮಿತಿ ಮೀರಿತ್ತು. ಕಾಗದದ ಮೇಲಿದ್ದ ಸರಾಸರಿ ತೂಕಕ್ಕಿಂತ ನಿಜವಾದ ತೂಕ ಜಾಸ್ತಿ ಇತ್ತು. ಆಮೇಲೆ ಅಮೆರಿಕ ತನ್ನ ಸರಾಸರಿಯನ್ನು ಏರಿಸಿತು. ಯಾವ ಪ್ರಯಾಣಿಕರಿಗೂ ದಂಡ ಹಾಕಲಿಲ್ಲ.

ಹತ್ತಿಪ್ಪತ್ತು ಜನ ಕೂರುವ ಇಂಥ ಪುಟ್ಟ ವಿಮಾನ ಮಾತ್ರ ಬೇರೆ ಕಥೆ. ಅಲ್ಲಿ ನಿಮ್ಮ ತೂಕ ಕೇಳಬಹುದು, ಜಾಗ ಬದಲಾಯಿಸಲು ಹೇಳಬಹುದು. ಕೇಳಿದರೆ ಸಂಕೋಚಕ್ಕೆ ಕಡಿಮೆ ಹೇಳಬೇಡಿ, ಸರಿಯಾದ ಅಂಕಿ ಹೇಳಿ. ತೂಕದ ಮೇಲೆ ಟಿಕೆಟ್ ದರ ಇಟ್ಟು 2013ರಲ್ಲಿ ಸುದ್ದಿಯಾದ ಸಮೋವಾ ಏರ್ ಕೂಡ ಇಂಥ ಪುಟ್ಟ ವಿಮಾನಗಳನ್ನೇ ಓಡಿಸುತ್ತಿತ್ತು. ಆ ಒಂದು ಸುದ್ದಿಯನ್ನೇ ಜನ ಇವತ್ತಿಗೂ ಎಲ್ಲ ವಿಮಾನಗಳ ನಿಯಮ ಅಂತ ಹಂಚುತ್ತಿದ್ದಾರೆ.

ತೂಕದ ಮಾತು ಇಲ್ಲಿಗೆ ಮುಗಿಯಿತು. ಈಗ ಬೆಲ್ಟಿಗೆ ಬರೋಣ.

ಎಕ್ಸ್‌ಟೆಂಡರ್ ಅಂದರೆ ಮೊಳಕ್ಕಿಂತ ಸ್ವಲ್ಪ ಉದ್ದದ ಒಂದು ಪಟ್ಟಿ. ಒಂದು ತುದಿಯಲ್ಲಿ ನಾಲಿಗೆ, ಇನ್ನೊಂದು ತುದಿಯಲ್ಲಿ ಬಕಲ್. ಸೀಟಿನ ಬೆಲ್ಟಿನ ನಡುವೆ ಸಿಕ್ಕಿಸಿದರೆ ಆಯಿತು. ದುಡ್ಡು ಕೊಡಬೇಕಿಲ್ಲ, ಕಾರಣ ಹೇಳಬೇಕಿಲ್ಲ. ಬಸುರಿಯರೂ ಕೇಳುತ್ತಾರೆ. ವಿಮಾನದ ಬಾಗಿಲಲ್ಲಿ ನಿಂತು ನಮಸ್ಕಾರ ಹೇಳುವ ಸಿಬ್ಬಂದಿಗೆ, ಒಳಗೆ ಕಾಲಿಡುವಾಗಲೇ "ಬೆಲ್ಟ್ ಎಕ್ಸ್‌ಟೆಂಡರ್ ಬೇಕು" ಅಂತ ಮೆಲ್ಲಗೆ ಹೇಳಿ. ಎಷ್ಟೋ ಜನ ಅದನ್ನು ಅಂಗೈಯಲ್ಲಿ ಮಡಚಿ ಹಿಡಿದು, ಯಾರಿಗೂ ಕಾಣದ ಹಾಗೆ ತಂದು ಕೊಡುತ್ತಾರೆ. ಎಲ್ಲರೂ ಕೂತ ಮೇಲೆ ಗಂಟೆ ಒತ್ತಿ ಕೇಳಿದರೆ ಮಾತ್ರ ಸುತ್ತಲಿನ ತಲೆಗಳು ತಿರುಗುತ್ತವೆ. ಒಂದು ಪ್ರಯಾಣದಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸೊಬ್ಬರು ಕೇಳಲು ನಾಚಿ, ಬೆಲ್ಟ್ ಹಾಕದೆ ಮೇಲೆ ಶಾಲು ಮುಚ್ಚಿಕೊಂಡಿದ್ದರು. ವಿಮಾನ ಗಾಳಿಯಲ್ಲಿ ಕುಲುಕಿದಾಗ ಅವರು ಎರಡೂ ಕೈಯಲ್ಲಿ ಮುಂದಿನ ಸೀಟು ಹಿಡಿದುಕೊಂಡದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ದಯವಿಟ್ಟು ಹಾಗೆ ಮಾಡಬೇಡಿ.

ಆನ್‌ಲೈನ್‌ನಲ್ಲಿ ಮಾರುವ ಎಕ್ಸ್‌ಟೆಂಡರ್ ಕೊಂಡು ಒಯ್ಯಬೇಡಿ. ಬಕಲ್ಲುಗಳು ಎಲ್ಲ ವಿಮಾನದಲ್ಲೂ ಒಂದೇ ಥರ ಇರುವುದಿಲ್ಲ. ಅಮೆರಿಕದಲ್ಲಂತೂ ಪ್ರಯಾಣಿಕರ ಸ್ವಂತ ಎಕ್ಸ್‌ಟೆಂಡರ್ ಬಳಸಲು ಬಿಡುವುದಿಲ್ಲ. ಎಮರ್ಜೆನ್ಸಿ ಬಾಗಿಲಿನ ಸಾಲೂ ಬೇಡ. ಕಾಲಿಗೆ ಜಾಗ ಜಾಸ್ತಿ ಅಂತ ಆಸೆಯಾಗುತ್ತದೆ, ಆದರೆ ಎಕ್ಸ್‌ಟೆಂಡರ್ ಹಾಕುವವರನ್ನು ಸಾಮಾನ್ಯವಾಗಿ ಅಲ್ಲಿ ಕೂರಿಸುವುದಿಲ್ಲ. ಗೋಡೆಗೆ ಎದುರಾದ ಮೊದಲ ಸಾಲಲ್ಲಿ, ಕೆಲವು ವಿಮಾನಗಳಲ್ಲಿ ಎಮರ್ಜೆನ್ಸಿ ಸಾಲಲ್ಲೂ, ಊಟದ ಟ್ರೇ ಆರ್ಮ್‌ರೆಸ್ಟಿನ ಒಳಗೇ ಇರುತ್ತದೆ. ಹಾಗಾಗಿ ಆರ್ಮ್‌ರೆಸ್ಟ್ ಮೇಲೆ ಏಳುವುದಿಲ್ಲ, ಸೀಟೂ ಒಂಚೂರು ಕಿರಿದು.

ಎರಡನೇ ಸೀಟು ಬೇಕೇ ಆದರೆ ಇಬ್ಬರು ಪ್ರಯಾಣಿಕರ ಹೆಸರಲ್ಲಿ ಎರಡು ಟಿಕೆಟ್ ಮಾಡಿಸಬೇಡಿ. ಸಂಸ್ಥೆಗೆ ಫೋನ್ ಮಾಡಿ "ಎಕ್ಸ್‌ಟ್ರಾ ಸೀಟ್" ಅಂತಲೇ ಕೇಳಿ. ಎರಡೂ ಒಂದೇ ಪಿಎನ್‌ಆರ್‌ನಲ್ಲಿ, ಅಕ್ಕಪಕ್ಕದಲ್ಲಿ ಇರಬೇಕು. ನಿಲ್ದಾಣದಲ್ಲಿ ಎರಡಕ್ಕೂ ಬೋರ್ಡಿಂಗ್ ಪಾಸ್ ತೆಗೆದುಕೊಳ್ಳಿ, ಗೇಟಿನಲ್ಲಿ ಎರಡನ್ನೂ ಸ್ಕ್ಯಾನ್ ಮಾಡಿಸಿ. ಒಂದನ್ನೇ ತೋರಿಸಿ ಒಳಗೆ ಹೋದರೆ, ಇನ್ನೊಬ್ಬರು ಬಂದಿಲ್ಲ ಅಂತ ಕಂಪ್ಯೂಟರ್ ಆ ಸೀಟನ್ನು ಬೇರೆಯವರಿಗೆ ಕೊಟ್ಟುಬಿಡಬಹುದು.

ದುಡ್ಡು ವಾಪಸ್ ಬರುತ್ತದಾ ಅನ್ನುವುದು ದೇಶ, ಸಂಸ್ಥೆ ನೋಡಿಕೊಂಡು ಬದಲಾಗುತ್ತದೆ. ಕೆನಡಾದ ಸಾರಿಗೆ ಪ್ರಾಧಿಕಾರ 2008ರ ಜನವರಿಯಲ್ಲಿ "ಒಬ್ಬರಿಗೆ ಒಂದೇ ದರ" ಎಂದು ತೀರ್ಪು ಕೊಟ್ಟಿತು. ಮೈ ಗಾತ್ರದಿಂದ ಅಂಗವೈಕಲ್ಯ ಅನುಭವಿಸುವವರಿಗೆ ಎರಡನೇ ಸೀಟಿಗೆ ದುಡ್ಡು ಕೇಳುವಂತಿಲ್ಲ. ಅದು ದೇಶದೊಳಗಿನ ಹಾರಾಟಕ್ಕೆ ಮಾತ್ರ. ಸಂಸ್ಥೆಗಳು ಸುಪ್ರೀಂ ಕೋರ್ಟಿನವರೆಗೂ ಹೋದವು, ಅದೇ ವರ್ಷದ ನವೆಂಬರಿನಲ್ಲಿ ಕೋರ್ಟು ಮೇಲ್ಮನವಿ ಕೇಳಲು ಒಪ್ಪಲಿಲ್ಲ. ಅಮೆರಿಕದ ಕಾನೂನು ಹಾಗಿಲ್ಲ, ಅಲ್ಲಿ ಒಂದು ಟಿಕೆಟಿಗೆ ಒಂದೇ ಸೀಟು. ಅಲ್ಲಿನ ಸೌತ್‌ವೆಸ್ಟ್ ಸಂಸ್ಥೆ ಮಾತ್ರ ಬಹಳ ವರ್ಷ ಎರಡನೇ ಸೀಟಿನ ದುಡ್ಡನ್ನು ಪ್ರಯಾಣದ ನಂತರ ಹಿಂದಿರುಗಿಸುತ್ತಿತ್ತು. 2026ರ ಜನವರಿ 27ರಿಂದ ಅವರೂ ಬಿಗಿ ಮಾಡಿದ್ದಾರೆ. ಈಗ ಎರಡನೇ ಸೀಟನ್ನು ಮೊದಲೇ ಕೊಳ್ಳಬೇಕು, ವಿಮಾನದಲ್ಲಿ ಸೀಟು ಖಾಲಿ ಉಳಿದಿದ್ದರೆ ಮಾತ್ರ ವಾಪಸ್. ಹಳೇ ಸಲಹೆ ನಂಬಿ ಹೋಗಬೇಡಿ.

ಇನ್ನು ಪಕ್ಕದಲ್ಲಿ ಕೂರುವವರಿಗೆ ಎರಡು ಮಾತು. ಆರ್ಮ್‌ರೆಸ್ಟ್ ಕೆಳಗಿರಲಿ ಎಂದು ಕೇಳುವ ಹಕ್ಕು ನಿಮಗಿದೆ. ಇಕ್ಕಟ್ಟಾದರೆ ಬಾಗಿಲು ಮುಚ್ಚುವ ಮುಂಚೆ ಎದ್ದು ಹೋಗಿ, ಸಿಬ್ಬಂದಿ ಹತ್ತಿರ "ಬೇರೆ ಸೀಟು ಇದೆಯಾ" ಅಂತ ಕೇಳಿ. ಕೂತವರ ತಲೆ ಮೇಲೆ, ಅವರಿಗೆ ಕೇಳುವ ಹಾಗೆ ದೂರು ಹೇಳಬೇಡಿ. ಫೋಟೋ ತೆಗೆಯುವುದಂತೂ ಬೇಡವೇ ಬೇಡ. ಅವರಿಗೆ ಜಾಗ ಸಾಲದು ಅಂತ ನಿಮಗಿಂತ ಮುಂಚೆ ಅವರಿಗೇ ಗೊತ್ತು. ಐದು ಗಂಟೆ ಭುಜ ಕುಗ್ಗಿಸಿ, ಕೈ ಕಟ್ಟಿ ಕೂತವರ ಮೈ ಇಳಿಯುವ ಹೊತ್ತಿಗೆ ಎಷ್ಟು ಹಿಡಿದಿರುತ್ತದೆ ಅಂತ ಒಮ್ಮೆ ಯೋಚಿಸಿ.

ಯಾರೂ ಕೇಳದ ಪ್ರಶ್ನೆ ಒಂದಿದೆ. ನನ್ನನ್ನು ಕೇಳಿದರೆ ಇದನ್ನೇ ಮೊದಲು ಕೇಳಬೇಕಿತ್ತು: ಯಾವ ವಿಮಾನ ಹತ್ತಬೇಕು?

ಬೋಯಿಂಗ್ 737ರ ಒಳಗಿನ ಅಗಲ 3.54 ಮೀಟರ್. 1950ರ ದಶಕದ 707ರ ಮೈಯಳತೆಯನ್ನೇ ಅದು ಇವತ್ತಿಗೂ ಹೊತ್ತುಕೊಂಡಿದೆ. ಎ320ರ ಒಳಗಿನ ಅಗಲ 3.70 ಮೀಟರ್. ಎರಡರಲ್ಲೂ ಸಾಲಿಗೆ ಆರೇ ಸೀಟು. ಹಾಗಾಗಿ 737ರಲ್ಲಿ ಸೀಟು 17 ಇಂಚಿನ ಆಸುಪಾಸು, ಎ320ರಲ್ಲಿ ಸಾಮಾನ್ಯವಾಗಿ 18. ಒಂದು ಇಂಚು ಕಡಿಮೆಯೇನಲ್ಲ, ಆರ್ಮ್‌ರೆಸ್ಟ್ ಇಳಿಯುವುದೂ ಇಳಿಯದಿರುವುದೂ ಎಷ್ಟೋ ಸಲ ಅಷ್ಟರಲ್ಲೇ ಇರುತ್ತದೆ. ಇನ್ನೂ ಒಳ್ಳೆಯದು ಎ220. ಒಂದು ಕಡೆ ಎರಡು, ಇನ್ನೊಂದು ಕಡೆ ಮೂರು ಸೀಟು. ಅದರಲ್ಲಿ ನಡುವಿನ ಸೀಟೇ 19 ಇಂಚು. ಎಂಬ್ರೇಯರ್‌ನ ಇ190ರಲ್ಲಿ ಎರಡೂ ಕಡೆ ಎರಡೆರಡೇ, ನಡುವಿನ ಸೀಟೇ ಇಲ್ಲ. ದೊಡ್ಡ ವಿಮಾನ ಅಂದರೆ ದೊಡ್ಡ ಸೀಟು ಅಂತ ತಿಳಿಯಬೇಡಿ. ಬೋಯಿಂಗ್ 777ರಲ್ಲಿ ಮೊದಲೆಲ್ಲ ಸಾಲಿಗೆ ಒಂಬತ್ತು ಸೀಟು ಹಾಕುವುದೇ ರೂಢಿಯಾಗಿತ್ತು, 18.5 ಇಂಚು ಸಿಗುತ್ತಿತ್ತು. ಅದೇ ಜಾಗದಲ್ಲಿ ಹತ್ತು ಹಾಕಿದ ಮೇಲೆ 17ಕ್ಕೆ ಇಳಿಯಿತು.

ಟಿಕೆಟ್ ಕೊಳ್ಳುವಾಗ ಸಮಯದ ಕೆಳಗೆ ಸಣ್ಣ ಅಕ್ಷರದಲ್ಲಿ ವಿಮಾನದ ಹೆಸರು ಬರೆದಿರುತ್ತದೆ, ಅದನ್ನು ನೋಡಿ. ಐಲ್ ಸೀಟು, ಅಂದರೆ ನಡೆದಾಡುವ ದಾರಿಯ ಪಕ್ಕದ ಸೀಟು, ಹಿಡಿಯಿರಿ. ಕಿಟಕಿ ಕಡೆ ಗೋಡೆ ಬಾಗಿರುವುದರಿಂದ ಭುಜಕ್ಕೆ ಜಾಗ ಕಡಿಮೆ. ಐಲ್ ಕಡೆಯ ಆರ್ಮ್‌ರೆಸ್ಟ್ ಏಳುವುದಿಲ್ಲ ಅಂತ ತುಂಬ ಜನ ನಂಬಿದ್ದಾರೆ. ಅದರ ಕೆಳಗೆ, ಹಿಂದೆ ಬೆನ್ನಿಗೆ ಸೇರುವ ಕಡೆ, ಬೆರಳಾಡಿಸಿ ನೋಡಿ. ಹೆಚ್ಚಿನ ಸೀಟುಗಳಲ್ಲಿ ಅಲ್ಲೊಂದು ಪುಟ್ಟ ಗುಂಡಿ ಸಿಗುತ್ತದೆ. ಒತ್ತಿ ಎತ್ತಿದರೆ ಆರ್ಮ್‌ರೆಸ್ಟ್ ಮೇಲೆ ಬರುತ್ತದೆ. ಕೂರುವಾಗ ಏಳುವಾಗ ಅಷ್ಟು ಸಾಕು. ವಿಮಾನ ಏರುವಾಗ ಇಳಿಯುವಾಗ ಮಾತ್ರ ಅದು ಕೆಳಗಿರಬೇಕು. ಕೊನೆ ಗಳಿಗೆಯಲ್ಲಿ ಸಂಸ್ಥೆಯವರು ವಿಮಾನ ಬದಲಾಯಿಸುವುದೂ ಉಂಟು. ಆಗ ನಿಮ್ಮ ಸೀಟೂ ಬದಲಾಗಿರುತ್ತದೆ. ಹೊರಡುವ ಹಿಂದಿನ ದಿನ ಟಿಕೆಟನ್ನು ಮತ್ತೊಮ್ಮೆ ತೆರೆದು ನೋಡಿ.