ಡೆಂಗಿ ಬಂತೆಂದರೆ ಇಮ್ಯೂನಿಟಿ ಕಡಿಮೆಯೆಂದಲ್ಲ

ಮಳೆಗಾಲದಲ್ಲಿ ಡೆಂಗಿ ಹೆಚ್ಚುತ್ತಿದ್ದಂತೆ ನನ್ನ ಬಳಿ ಬರುವ ಬಹುತೇಕ ಮನೆಯವರು ಕೇಳುವುದು ಒಂದೇ ಮಾತು: “ಡಾಕ್ಟ್ರೇ, ಇಮ್ಯೂನಿಟಿ ಕಡಿಮೆಯಾಗಿದೆ, ಹೆಚ್ಚಾಗೋದಕ್ಕೆ ಏನಾದ್ರೂ ಬರೆದುಕೊಡಿ.” ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಪುಡಿ, ಸಿರಪ್ಪುಗಳಿಗೆ ಸಾವಿರಾರು ರೂಪಾಯಿ ಸುರಿದು, ಅವುಗಳ ಭರವಸೆಯಲ್ಲಿ ರಕ್ತಪರೀಕ್ಷೆಯನ್ನು ಮುಂದೂಡುವುದನ್ನು ನೋಡಿದಾಗ ಸಿಟ್ಟು ಬರುತ್ತದೆ.

ವೈರಸ್ಸಿನ ಆರ್‌ಎನ್‌ಎ (ಅಂದರೆ ಅದರ ವಂಶವಾಹಿ ವಸ್ತು) ಜೀವಕೋಶದೊಳಗೆ ಕಾಣಿಸಿಕೊಂಡ ಕೂಡಲೇ ಅದು ನಮ್ಮದಲ್ಲವೆಂದು ರಿಗ್-ಐ, ಎಂಡಿಎ-5 ಎಂಬ ಪ್ರೋಟೀನುಗಳು ಗುರುತಿಸುತ್ತವೆ, ಕೋಶವು ಇಂಟರ್‌ಫೆರಾನ್ ತಯಾರಿಸತೊಡಗುತ್ತದೆ. 1957ರಲ್ಲಿ ಲಂಡನ್ನಿನಲ್ಲಿ ವಿಜ್ಞಾನಿಗಳಾದ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಗುರುತಿಸಿ ಹೆಸರಿಟ್ಟ ಈ ವಸ್ತು ವೈರಸ್ಸನ್ನು ತಾನೇ ಕೊಲ್ಲುವುದಿಲ್ಲ. ಈ ಮಾತನ್ನು ನಾನು ಪ್ರತಿ ಸಲವೂ ಒತ್ತಿ ಹೇಳುತ್ತೇನೆ. ಕಳ್ಳ ನುಗ್ಗಿದ ಮನೆಯವರು ಅಕ್ಕಪಕ್ಕದವರಿಗೆ ಕೇಳುವಂತೆ ಹಾಕುವ ಕೂಗು ಅದು, ಅಷ್ಟೇ. ಪಕ್ಕದ ಕೋಶದ ಹೊರಪೊರೆಯಲ್ಲಿ ಸುದ್ದಿ ಹಿಡಿಯುವ ಪ್ರೋಟೀನಿಗೆ, ಅಂದರೆ ಗ್ರಾಹಕಕ್ಕೆ, ಇಂಟರ್‌ಫೆರಾನ್ ಅಂಟಿಕೊಂಡಾಗ ಸ್ಟಾಟ್-1, ಸ್ಟಾಟ್-2 ಎಂಬ ಪ್ರೋಟೀನುಗಳು ಆ ಸುದ್ದಿಯನ್ನು ಕೋಶಕೇಂದ್ರಕ್ಕೆ ಒಯ್ಯುತ್ತವೆ. ಅಲ್ಲಿ ನೂರಾರು ವಂಶವಾಹಿಗಳು ಚುರುಕಾದ ಮೇಲೆಯೇ ವೈರಸ್ಸಿನ ಆರ್‌ಎನ್‌ಎಯನ್ನು ಕತ್ತರಿಸುವ, ಅದರ ಪ್ರೋಟೀನು ತಯಾರಾಗದಂತೆ ತಡೆಯುವ ಕೆಲಸ ಆರಂಭವಾಗುತ್ತದೆ.

ಡೆಂಗಿ ವೈರಸ್ ಕೈಹಾಕುವುದು ಸರಿಯಾಗಿ ಈ ಸುದ್ದಿಯ ದಾರಿಗೇ. ಕೋಶದ ಒಳಪೊರೆಗಳನ್ನು ಮಡಚಿ ಮಾಡಿಕೊಂಡ ಪುಟ್ಟ ಚೀಲಗಳಲ್ಲಿ ಅದು ತನ್ನ ಆರ್‌ಎನ್‌ಎಯನ್ನು ಮರೆಮಾಡುತ್ತದೆ. ಅದರ ಎನ್‌ಎಸ್-5 ಪ್ರೋಟೀನು ಸ್ಟಾಟ್-2ಕ್ಕೆ ಅಂಟಿಕೊಂಡು, ಕೋಶದ ಸ್ವಂತ ಕಸ ವಿಲೇವಾರಿ ವ್ಯವಸ್ಥೆಯಿಂದಲೇ ಅದನ್ನು ಪುಡಿಮಾಡಿಸುತ್ತದೆ. ಆಮೇಲೆ ಆ ಕೋಶದ ಹೊರಗೆ ಎಷ್ಟೇ ಇಂಟರ್‌ಫೆರಾನ್ ಇದ್ದರೂ ಸುದ್ದಿ ಒಳಗೆ ತಲುಪುವುದು ಕಷ್ಟ. ಇಲಿಗಳ ಸ್ಟಾಟ್-2 ಎನ್‌ಎಸ್-5ರ ಹಿಡಿತಕ್ಕೆ ಸಿಗುವುದಿಲ್ಲ. ಪ್ರಯೋಗಾಲಯದ ಸಾಮಾನ್ಯ ಇಲಿಗೆ ಡೆಂಗಿ ತಗುಲಿಸುವುದು ಕಷ್ಟವಾಗಲು ಇದೊಂದು ಮುಖ್ಯ ಕಾರಣ. ಆದ್ದರಿಂದ ಸಂಶೋಧಕರು ಇಂಟರ್‌ಫೆರಾನ್ ಗ್ರಾಹಕಗಳೇ ಇಲ್ಲದ ಇಲಿಗಳನ್ನು ಬಳಸುತ್ತಾರೆ. ಎಂದರೆ ಇಲ್ಲಿ ಪ್ರಶ್ನೆ ಶಕ್ತಿಯದ್ದಲ್ಲ, ಸುದ್ದಿ ತುಂಡಾದದ್ದರದ್ದು.

ಕಬಡ್ಡಿ ಆಡುವ ಗಟ್ಟಿಮುಟ್ಟಾದ ಹುಡುಗನೊಬ್ಬ ಡೆಂಗಿಯಿಂದ ಮಲಗಿದಾಗ ಅವನ ತಂದೆ, “ದಿನಾ ಮೊಟ್ಟೆ, ಹಾಲು ಕೊಟ್ಟು ಸಾಕಿದ ಹುಡುಗ ಇವನು, ಇಮ್ಯೂನಿಟಿ ಎಲ್ಲಿ ಹೋಯ್ತು?” ಎಂದು ಕಣ್ಣೀರು ಹಾಕಿದ್ದರು. ತಮ್ಮ ಸಾಕಣೆಯಲ್ಲೇ ಕೊರತೆಯಿತ್ತೆಂದು ಆ ಮನುಷ್ಯ ನೊಂದುಕೊಂಡಿದ್ದರು, ಹಾಗೆ ನೋಯಬೇಕಾದ ಕಾರಣವೇ ಇರಲಿಲ್ಲ. ಅಷ್ಟೇ ಅಲ್ಲ, ಕೆಲವೊಮ್ಮೆ ಇಮ್ಯೂನಿಟಿಯೇ ವೈರಸ್ಸಿಗೆ ದಾರಿಯಾಗುತ್ತದೆ: ಎರಡನೆಯ ಸಲ ಬೇರೆ ಬಗೆಯ ಡೆಂಗಿ ತಗುಲಿದಾಗ, ಹಳೆಯ ಸೋಂಕಿನಲ್ಲಿ ಹುಟ್ಟಿದ ಪ್ರತಿಕಾಯಗಳೇ (ಆ್ಯಂಟಿಬಾಡಿ) ವೈರಸ್ ಕೋಶದೊಳಗೆ ಹೋಗಲು ನೆರವಾಗುವುದುಂಟು.

ಇನ್ನೊಂದು ಸಂಗತಿ: ಇಂಟರ್‌ಫೆರಾನ್ ಹೆಚ್ಚಾದಷ್ಟೂ ಒಳ್ಳೆಯದು ಎಂದೇನಿಲ್ಲ. ಮೈಕೈ ನೋವು, ಚಳಿ, ಸುಸ್ತು, ಜ್ವರಗಳಲ್ಲಿ ದೊಡ್ಡ ಪಾಲು ಇಂಟರ್‌ಫೆರಾನ್ ಮತ್ತು ಅದರ ಜೊತೆಗಾರ ವಸ್ತುಗಳದ್ದೇ. ಹಿಂದೆ ಹೆಪಟೈಟಿಸ್-ಸಿ ರೋಗಿಗಳಿಗೆ ಇಂಟರ್‌ಫೆರಾನ್ ಚುಚ್ಚುಮದ್ದು ಕೊಡುತ್ತಿದ್ದಾಗ ಫ್ಲೂ ಬಂದವರಂತೆಯೇ ಅವರು ನಡುಗುತ್ತಿದ್ದರು, ಕೆಲವರಿಗೆ ಖಿನ್ನತೆಯೂ ಬರುತ್ತಿತ್ತು. ಕೋವಿಡ್‌ನಿಂದ ಆಸ್ಪತ್ರೆ ಸೇರಿದವರಿಗೆ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಾಲಿಡಾರಿಟಿ ಪ್ರಯೋಗದಲ್ಲಿ ಇಂಟರ್‌ಫೆರಾನ್ ಕೊಟ್ಟರೂ ಸಾವು ಕಡಿಮೆಯಾಗಲಿಲ್ಲ. ಇಂಟರ್‌ಫೆರಾನ್ ವ್ಯವಸ್ಥೆಯಲ್ಲೇ ನಿಜವಾದ ದೋಷವಿರುವವರು ಇಲ್ಲದಿಲ್ಲ. ತೀವ್ರ ಕೋವಿಡ್ ಆದವರಲ್ಲಿ ಸುಮಾರು ಶೇ 10 ಮಂದಿಯ ರಕ್ತದಲ್ಲಿ ಇಂಟರ್‌ಫೆರಾನನ್ನೇ ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳು ಕಂಡುಬಂದವು. ಅಂಥ ದೋಷವನ್ನು ಅಂಗಡಿಯ ಯಾವ ಪುಡಿಯೂ ಸರಿಪಡಿಸಲಾರದು. ಅಂಗಾಂಗ ಕಸಿಯಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ ವಿಷಯ ಬೇರೆ, ಅವರು ತಮ್ಮ ವೈದ್ಯರನ್ನೇ ಕೇಳಬೇಕು.

ಉಳಿದವರು ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಲಿ, ಐಬುಪ್ರೊಫೆನ್, ಆಸ್ಪಿರಿನ್ ಬೇಡ. ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ ಜ್ವರ ಇಳಿಯುವ ಹೊತ್ತಿನಲ್ಲೇ ರಕ್ತನಾಳಗಳಿಂದ ದ್ರವ ಸೋರುವ ಅಪಾಯ ಹೆಚ್ಚು. ಆಗ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಮಂಕು ಕಂಡರೆ ಥರ್ಮಾಮೀಟರ್ ಏನೇ ತೋರಿಸಲಿ, ತಡಮಾಡದೆ ಆಸ್ಪತ್ರೆಗೆ ಕರೆತನ್ನಿ.