ಪಿಕಪ್ ಬದಲಿಸುವ ಮೊದಲು ನಾಲ್ಕು ಎಟಿಎಂ ಕಾರ್ಡ್ ತನ್ನಿ

ಗಣಪತಿ ಹಬ್ಬಕ್ಕೆ ಮೂರು ವಾರ ಇದೆ ಎನ್ನುವಾಗ ಮುಂಬೈಯಲ್ಲಿ ಗಿಟಾರ್ ರಿಪೇರಿ ಮಾಡುವವರ ಮೇಜಿಗೆ ಬೇಸ್‌ಗಳು, ಅಂದರೆ ದಪ್ಪ ತಂತಿಯ ತಗ್ಗು ಸ್ವರದ ಗಿಟಾರ್‌ಗಳು, ಒಂದರ ಹಿಂದೊಂದು ಬರುತ್ತವೆ. ಡೊಂಬಿವಲಿಯ ಆರ್ಕೆಸ್ಟ್ರಾದವರು, ಮಾಟುಂಗದ ಭಜನಾ ತಂಡದ ಹುಡುಗರು, ಅಂಧೇರಿಯ ಚರ್ಚ್ ಕ್ವಾಯರ್‌ನ ನಮ್ಮ ಮಂಗಳೂರಿನವರು, ಎಲ್ಲರದ್ದೂ ಒಂದೇ ರಾಗ: "ಅಣ್ಣಾ, ಇದರಲ್ಲಿ ಪಂಚ್ ಇಲ್ಲ. ಪಿಕಪ್ ಚೇಂಜ್ ಮಾಡಿ ಕೊಡಿ." ಪಿಕಪ್ ಎಂದರೆ ತಂತಿಗಳ ಅಡಿ ಕೂತು ಅವುಗಳ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ, ತಾಮ್ರದ ಎಳೆ ಸುತ್ತಿದ ಆಯಸ್ಕಾಂತ. ಹೊಸ ಪಿಕಪ್ಪಿನ ಡಬ್ಬಿ ಆಗಲೇ ಕೈಯಲ್ಲಿರುತ್ತದೆ. ಬೇಸ್‌ನ ಅರ್ಧದಷ್ಟು ಬೆಲೆ ಅದಕ್ಕೇ ಹೋಗಿರುತ್ತದೆ.

ಬೇಸನ್ನು ಬೆಳಕಿಗೆ ಹಿಡಿದರೆ ತಂತಿಗಳು ಎರಡು ಮಳೆಗಾಲ ಕಂಡಂಥವು. ಪಿಕಪ್ಪು ಗುಂಡಿಯೊಳಗೆ ಮುಳುಗಿ ಕೂತಿದೆ. ಅದಕ್ಕೂ ತಂತಿಗೂ ನಡುವೆ ಕಿರುಬೆರಳು ಸಲೀಸಾಗಿ ತೂರುತ್ತದೆ. ಹೀಗಿದ್ದರೆ ಪಂಚ್ ಎಲ್ಲಿಂದ ಬರಬೇಕು ಮಾರಾಯ್ರೇ?

ಹೊಸ ಪಿಕಪ್ ಹಾಕಿಸಿದ ಮೇಲೆ ಸದ್ದು ಸುಧಾರಿಸುವುದಂತೂ ನಿಜ. ತಪ್ಪು ತಿಳಿವಳಿಕೆ ಬೇರು ಬಿಡುವುದೇ ಅಲ್ಲಿ. ಪಿಕಪ್ ಬದಲಿಸುವಾಗ ಹಳೆ ತಂತಿ ಬಿಚ್ಚಬೇಕು, ಹೇಗೂ ಬಿಚ್ಚಿದೆವಲ್ಲ ಎಂದು ಹೊಸ ಸೆಟ್ ಏರಿಸುತ್ತೇವೆ. ಕರಕರ ಎನ್ನುವ ಪಾಟ್ (ವಾಲ್ಯೂಮ್, ಟೋನ್ ಗುಬ್ಬಿಯ ಅಡಿಯ ಭಾಗ) ಬದಲಾಗುತ್ತದೆ, ಒಣಗಿದ ಸೋಲ್ಡರ್ ಬೆಸುಗೆ ಹೊಸದಾಗುತ್ತದೆ, ಕೇಬಲ್ ಚುಚ್ಚುವ ಜ್ಯಾಕ್ ಬಿಗಿಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಪಿಕಪ್ಪಿನ ಎತ್ತರ ಸರಿಯಾಗುತ್ತದೆ. ತೇರು ಎಳೆದವರು ಆರು ಜನ, ಹಾರ ಬಿದ್ದದ್ದು ಡಬ್ಬಿಯಲ್ಲಿ ಬಂದವನ ಕೊರಳಿಗೆ.

ಆದ್ದರಿಂದ ಇವತ್ತು ಎತ್ತರದ ವಿಷಯವನ್ನೇ ಸ್ವಲ್ಪ ಎಳೆದು ಹೇಳುತ್ತೇನೆ.

ಪಿಕಪ್ಪಿನ ಆಯಸ್ಕಾಂತದ ಪ್ರಭಾವ ದೂರ ಹೋದಂತೆ ಒಂದೇ ಸಮನಾಗಿ ಇಳಿಯುವುದಿಲ್ಲ, ಕಡಿದಾಗಿ ಇಳಿಯುತ್ತದೆ. 3 ಮಿ.ಮೀ.ಗೂ 4 ಮಿ.ಮೀ.ಗೂ ನಡುವಿನ ವ್ಯತ್ಯಾಸ ಕಣ್ಣಿಗೆ ಏನೂ ಅಲ್ಲ, ಕಿವಿಗೆ ಬಹಳ. ಸದ್ದಿನ ಪ್ರಮಾಣ ಮಾತ್ರವಲ್ಲ, ಸದ್ದಿನ ಗುಣವೂ ಬದಲಾಗುತ್ತದೆ. ಗಟ್ಟಿಯಾಗಿ ಮೀಟಿದ ಇ ತಂತಿ (ನಾಲ್ಕರಲ್ಲಿ ಅತಿ ದಪ್ಪನೆಯದು, ಅತಿ ಸಪೂರದ್ದು ಜಿ) ಮೇಲೆ ಕೆಳಗೆ ಸುಮಾರು 1 ಮಿ.ಮೀ. ಓಲಾಡುತ್ತದೆ ಎಂದಿಟ್ಟುಕೊಳ್ಳಿ. ಪಿಕಪ್ಪು 2 ಮಿ.ಮೀ. ದೂರದಲ್ಲಿದ್ದರೆ ಆ ಓಲಾಟದಲ್ಲಿ ತಂತಿ ಒಮ್ಮೆ ಅದಕ್ಕೆ ತೀರಾ ಹತ್ತಿರ ಬಂದು ಮತ್ತೆ ಮೂರರಷ್ಟು ದೂರ ಹೋಗುತ್ತದೆ. ಹತ್ತಿರ ಬಂದಾಗ ಸಿಗುವ ಸಿಗ್ನಲ್ಲಿಗೂ ದೂರ ಹೋದಾಗ ಸಿಗುವುದಕ್ಕೂ ತಾಳೆಯಾಗುವುದಿಲ್ಲ. ಆ ಏರುಪೇರೇ ಗುರುಗುಟ್ಟುವ, ಕಚ್ಚುವ ಸದ್ದಾಗಿ ಕೇಳುತ್ತದೆ. ಪಿಕಪ್ಪು 5 ಮಿ.ಮೀ. ದೂರದಲ್ಲಿದ್ದರೆ ಅದೇ ಓಲಾಟ ಅದಕ್ಕೆ ಲೆಕ್ಕಕ್ಕಿಲ್ಲ. ಸದ್ದು ದುಂಡಗೆ, ನುಣ್ಣಗೆ, ಒಂದೇ ಸಮ ಬರುತ್ತದೆ. ನೀವು ಹುಡುಕುವ ಪಂಚು, ನೀವು ದೂರುವ ಮಂಕು ಎರಡೂ ಒಂದೇ ಸ್ಕ್ರೂವಿನ ಎರಡು ತುದಿಗಳು.

ಅಳೆಯುವುದು ಹೇಗೆ? ಸ್ಟೀಲ್ ಸ್ಕೇಲ್ ಬೇಡ. ಆಯಸ್ಕಾಂತ ಅದನ್ನು ಎಳೆದುಕೊಳ್ಳುತ್ತದೆ, ಓದು ತಪ್ಪುತ್ತದೆ, ಕೈ ಜಾರಿದರೆ ಪಿಕಪ್ಪಿನ ಮೇಲೆ ಗೀರು ಬೇರೆ. ಎಟಿಎಂ ಕಾರ್ಡ್ ದಪ್ಪ 0.76 ಮಿ.ಮೀ. ಇರುತ್ತದೆ. ಅಕ್ಷರ ಉಬ್ಬಿಲ್ಲದ, ಅವಧಿ ಮುಗಿದ ನಾಲ್ಕು ಕಾರ್ಡ್ ಜೋಡಿಸಿದರೆ 3 ಮಿ.ಮೀ. ಆಯಿತು, ಮೂರು ಜೋಡಿಸಿದರೆ 2.3. ಫೆಂಡರ್ ಕಂಪನಿಯ ಪ್ರಿಸಿಷನ್ ಅಥವಾ ಜಾಜ್ ಬೇಸ್ ಮಾದರಿಯ ಮಾಮೂಲಿ ಪಿಕಪ್ಪಿಗೆ ಆರಂಭದ ಅಳತೆ ಇಷ್ಟೇ: ಕೊನೆಯ ಫ್ರೆಟ್‌ನಲ್ಲಿ (ಫ್ರೆಟ್ ಎಂದರೆ ನೆಕ್ ಅಥವಾ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ತಂತಿಯನ್ನು ಒತ್ತಿ ಹಿಡಿದು, ಇ ತಂತಿಯ ಅಡಿಗೆ ನಾಲ್ಕು ಕಾರ್ಡ್, ಜಿ ತಂತಿಯ ಅಡಿಗೆ ಮೂರು ಕಾರ್ಡ್ ಸವರಿಕೊಂಡು ಹೋಗಬೇಕು. ತೆರೆದ, ಎಲ್ಲೂ ಒತ್ತದ ತಂತಿಯಲ್ಲಿ ಅಳೆದು ಬಂದು ಜಗಳ ಮಾಡಬೇಡಿ. ಇದು ಆರಂಭದ ಅಳತೆ ಮಾತ್ರ. ಅಲ್ಲಿಂದ ಮುಂದೆ ಅರ್ಧರ್ಧ ಸುತ್ತು ತಿರುಗಿಸಿ ಕಿವಿ ಹೇಳಿದಂತೆ ಹೋಗಿ.

ಹಾಗಾದರೆ ಇನ್ನಷ್ಟು ಮೇಲೆತ್ತಿದರೆ ಇನ್ನಷ್ಟು ಪಂಚ್ ಅಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ತೀರಾ ಹತ್ತಿರ ಬಂದರೆ ಆಯಸ್ಕಾಂತವೇ ತಂತಿಯನ್ನು ಹಿಡಿದೆಳೆಯುತ್ತದೆ. ಸ್ವರ ಅಲೆಅಲೆಯಾಗಿ ನಡುಗುತ್ತದೆ, ಬೇಗ ಸಾಯುತ್ತದೆ. 12ನೇ ಫ್ರೆಟ್ ದಾಟಿದ ಮೇಲೆ ಇ ತಂತಿ ಶ್ರುತಿಗೆ ನಿಲ್ಲುವುದಿಲ್ಲ. ಇಂಟೊನೇಷನ್ (ನೆಕ್‌ನುದ್ದಕ್ಕೂ ಶ್ರುತಿ ಕೂಡುವುದು) ಕೆಟ್ಟಿದೆ ಎಂದು ಬ್ರಿಜ್‌ನ, ಅಂದರೆ ಒಡಲ ಕಡೆ ತಂತಿ ಕಟ್ಟುವ ಲೋಹದ ಪಟ್ಟಿಯ, ಸ್ಯಾಡಲ್‌ಗಳನ್ನು (ತಂತಿ ಕೂರುವ ತುಂಡುಗಳನ್ನು) ಹಿಂದೆ ಮುಂದೆ ತಳ್ಳಿ ತಳ್ಳಿ ಸುಸ್ತಾದವರು ಎಷ್ಟೋ ಮಂದಿ. ಮೊದಲು ಪಿಕಪ್ಪನ್ನು ಎರಡು ಸುತ್ತು ಇಳಿಸಿ ಮತ್ತೆ ಟ್ಯೂನರ್ ನೋಡಿ.

ಸ್ಕ್ರೂ ಸಡಿಲಿಸಿದರೂ ಪಿಕಪ್ಪು ಮೇಲೆ ಬರುವುದಿಲ್ಲ ಎಂದರೆ ಅಡಿಯ ಸ್ಪಂಜು ಸತ್ತಿದೆ ಎಂದರ್ಥ. ನಮ್ಮ ಕಡಲ ಹವೆಗೆ ಅದು ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ. ಹಳೆ ಯೋಗ ಮ್ಯಾಟ್‌ನಿಂದ ಎರಡು ಪಟ್ಟಿ ಕತ್ತರಿಸಿ ಒಂದರ ಮೇಲೊಂದು ಇಟ್ಟರೆ ಕೆಲಸ ಮುಗಿಯಿತು. ಸ್ಕ್ರೂ ತುಕ್ಕು ಹಿಡಿದಿದ್ದರೆ ಬಲ ಹಾಕಿ ತಿರುಗಿಸಬೇಡಿ, ತಲೆ ಮುರಿದರೆ ಮರ ಕೊರೆಯಬೇಕಾಗುತ್ತದೆ.

ಜಾಜ್ ಬೇಸ್‌ನಲ್ಲಿ ಪಿಕಪ್ಪು ಎರಡು, ಹಾಗಾಗಿ ಇನ್ನೊಂದು ಮಾತಿದೆ. ಬ್ರಿಜ್ ಹತ್ತಿರ ತಂತಿ ಕಡಿಮೆ ಓಲಾಡುತ್ತದೆ, ಹಾಗಾಗಿ ಅಲ್ಲಿನ ಪಿಕಪ್ಪಿಗೆ ಸಹಜವಾಗಿಯೇ ದನಿ ಕಮ್ಮಿ. ಅದನ್ನು ಸ್ವಲ್ಪ ಎತ್ತಿ, ನೆಕ್ ಕಡೆಯದನ್ನು ಸ್ವಲ್ಪ ಇಳಿಸಿ, ಒಂದೊಂದನ್ನೇ ನುಡಿಸಿದಾಗ ಮಿಕ್ಸರ್‌ನ ಮೀಟರ್ ಸುಮಾರು ಒಂದೇ ಕಡೆ ಮುಟ್ಟುವಂತೆ ಮಾಡಿ. ಪ್ರಿಸಿಷನ್‌ನಲ್ಲಿ ಪಿಕಪ್ಪು ಎರಡು ತುಂಡು, ಇ-ಎ ತಂತಿಗಳಿಗೆ ಒಂದು, ಡಿ-ಜಿಗೆ ಇನ್ನೊಂದು. ಎತ್ತರವನ್ನೂ ಬೇರೆ ಬೇರೆಯಾಗಿಯೇ ಹೊಂದಿಸಬಹುದು. ಜಿ ತಂತಿ ಕೇಳುವುದೇ ಇಲ್ಲ ಎಂಬ ದೂರಿಗೆ ಅಲ್ಲೇ ಮದ್ದಿದೆ.

ಈ ಎಲ್ಲದಕ್ಕೂ ಮುಂಚೆ ನೆಕ್ ಮತ್ತು ತಂತಿಯ ಎತ್ತರ ಸರಿಯಾಗಿರಬೇಕು, ಇಲ್ಲದಿದ್ದರೆ ಅಳೆದದ್ದೆಲ್ಲ ವ್ಯರ್ಥ. ಮೊದಲ ಫ್ರೆಟ್‌ಗೆ ಕೇಪೊ (ತಂತಿ ಒತ್ತಿ ಹಿಡಿಯುವ ಕ್ಲಿಪ್), ಕೊನೆಯ ಫ್ರೆಟ್‌ನಲ್ಲಿ ಬೆರಳು, 8ನೇ ಫ್ರೆಟ್ ಹತ್ತಿರ ತಂತಿಯ ಅಡಿ 0.3 ಮಿ.ಮೀ. ಸಂದು, ಬೈಕ್ ಸ್ಪೇರ್ ಅಂಗಡಿಯಲ್ಲಿ ಸಿಗುವ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು) ಸಾಕು. 17ನೇ ಫ್ರೆಟ್‌ನ ಮೇಲೆ ಇ ತಂತಿಯ ಎತ್ತರ 2.4, ಜಿ ತಂತಿಯದು 2 ಮಿ.ಮೀ. ಟ್ರಸ್ ರಾಡನ್ನು (ನೆಕ್‌ನೊಳಗೆ ಅದರ ಬಾಗು ಹೊಂದಿಸುವ ಸರಳು) ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ ಒಂದು ರಾತ್ರಿ ಬಿಡಿ. ಬಿಗಿಯಾಗಿದ್ದರೆ ಕೈ ಬಿಡಿ, ತಿಳಿದವರಿಗೆ ಕೊಡಿ. ಜೂನ್‌ನಲ್ಲಿ ಕೂರಿಸಿದ ನೆಕ್ ನವೆಂಬರ್‌ನಲ್ಲಿ ಹಾಗೆಯೇ ಇರುತ್ತದೆ ಎಂದು ಮುಂಬೈಯಲ್ಲಿ ಯಾರೂ ಬರೆದು ಕೊಡಲಾರರು.

ತಂತಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 45-65-85-105 ದಪ್ಪದ (ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ), ದುಂಡು ಎಳೆ ಸುತ್ತಿದ ರೌಂಡ್‌ವೌಂಡ್ ಸೆಟ್ ಬೆವರಿಗೆ, ಉಪ್ಪುಗಾಳಿಗೆ ಬೇಗ ಸಾಯುತ್ತದೆ. ಕುದಿಸಿದರೆ ನಾಲ್ಕು ದಿನ ಜೀವ ಬರುತ್ತದೆ, ಅಷ್ಟೇ. ಚಪ್ಪಟೆ ಎಳೆ ಸುತ್ತಿದ ಫ್ಲಾಟ್‌ವೌಂಡ್ ವರ್ಷಗಟ್ಟಲೆ ಬಾಳುತ್ತದೆ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತನ್ನ 1962ರ ಪ್ರಿಸಿಷನ್‌ಗೆ ಫ್ಲಾಟ್‌ವೌಂಡ್ ಹಾಕಿ ಅದನ್ನು ಬದಲಿಸುತ್ತಲೇ ಇರಲಿಲ್ಲ. ಆ ದುಂಡು ಸದ್ದು ಬೇಕೆಂದು ಪಿಕಪ್ ಬದಲಿಸಲು ಬರುವವರ ಬೇಸ್‌ನಲ್ಲಿರುವುದು ಫಳಫಳ ಹೊಳೆಯುವ ಸ್ಟೀಲ್ ರೌಂಡ್‌ವೌಂಡ್!

ಇನ್ನು "ಎಷ್ಟು ಕೆ ಇದೆ?" ಎಂಬ ಪ್ರಶ್ನೆ. ಕಿಲೋಓಮ್ ಎಂದರೆ ಸುತ್ತಿದ ತಾಮ್ರದ ತಂತಿಯ ರೋಧ, ಪಿಕಪ್ಪಿನ ಹಾರ್ಸ್‌ಪವರ್ ಅಲ್ಲ. ತಂತಿ ಇನ್ನಷ್ಟು ಸಪೂರವಾದರೆ ಅಷ್ಟೇ ಸುತ್ತಿಗೂ ಕೆ ಏರುತ್ತದೆ. ಬಿಸಿಲಿಗೂ ಏರುತ್ತದೆ: ಎಸಿ ರೂಮಿನ 22 ಡಿಗ್ರಿಯಲ್ಲಿ 10.5 ತೋರಿಸಿದ್ದು 34 ಡಿಗ್ರಿಯಲ್ಲಿ 11ರ ಹತ್ತಿರ ಬರುತ್ತದೆ. ಪಿಕಪ್ ಬಲಿಯಿತು ಎಂದು ಹಿಗ್ಗಬೇಕಿಲ್ಲ. ಆ ಸಂಖ್ಯೆಯ ನಿಜವಾದ ಉಪಯೋಗ ಕಾಯಿಲೆ ಪತ್ತೆಗೆ. ಪ್ರಿಸಿಷನ್‌ನ ಎರಡು ತುಂಡು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು ಇರುವುದರಿಂದ ಒಂದು ಕಡಿದಿದ್ದರೆ ಮೀಟರ್ ಏನನ್ನೂ ತೋರಿಸದು. 10ರ ಬದಲು 5 ತೋರಿಸಿದರೆ ಒಂದು ತುಂಡು ಎಲ್ಲೋ ಶಾರ್ಟ್ ಆಗಿದೆ. ಜಾಜ್‌ನ 7.5ರ ಎರಡು ಪಿಕಪ್ಪು ಪ್ಯಾರಲಲ್‌ನಲ್ಲಿ, ಅಂದರೆ ಅಕ್ಕಪಕ್ಕ ಜೋಡಿಸಿರುತ್ತವೆ. ವಾಲ್ಯೂಮ್ ಎರಡೂ ಪೂರ್ತಿ ತೆರೆದು ಜ್ಯಾಕ್‌ನಲ್ಲಿ ಅಳೆದರೆ ಸುಮಾರು 3.6 ಬರುತ್ತದೆ. ಅದನ್ನು ನೋಡಿ ಪಿಕಪ್ ಅರ್ಧ ಸತ್ತಿದೆ ಎಂದುಕೊಂಡು ಹೊಸದಕ್ಕೆ ಆರ್ಡರ್ ಹಾಕಿದವರೂ ಇದ್ದಾರೆ.

ಪಿಕಪ್ಪಿನಿಂದ ಆಗದ ಕೆಲಸವೂ ಒಂದಿದೆ. 1960ರಲ್ಲಿ ಬಂದ ಜಾಜ್ ಬೇಸ್‌ನ ಬ್ರಿಜ್ ಪಿಕಪ್ಪನ್ನು ಎಪ್ಪತ್ತರ ದಶಕದಲ್ಲಿ ಸುಮಾರು 10 ಮಿ.ಮೀ. ಬ್ರಿಜ್ ಕಡೆಗೆ ಸರಿಸಿದರು. ಎಪ್ಪತ್ತರ ದಶಕದ ಆ ಚುರುಕು ಸದ್ದಿನಲ್ಲಿ ಈ ಒಂದು ಸೆಂಟಿಮೀಟರಿನ ಪಾಲು ದೊಡ್ಡದು. ಅರವತ್ತರ ಜಾಗದ ಗುಂಡಿಯಲ್ಲಿ 'ಸೆವೆಂಟೀಸ್' ಎಂದು ಬರೆದ ಪಿಕಪ್ ಕೂರಿಸಿದರೆ ಅದು ಅರ್ಧ ದಾರಿಗೆ ನಿಲ್ಲುತ್ತದೆ. 1976ರ ಮ್ಯೂಸಿಕ್ ಮ್ಯಾನ್ ಕಂಪನಿಯ ಸ್ಟಿಂಗ್‌ರೇ ಬೇಸ್‌ನ ಸದ್ದು ಬೇಕೆನ್ನುವವರಿಗೂ ಇದೇ ಉತ್ತರ: ಅಲ್ಲಿ ಪಿಕಪ್ಪಿನ ಗಾತ್ರ ಬೇರೆ, ಜಾಗ ಬೇರೆ, ಒಳಗೆ ಪ್ರಿಆಂಪ್ (ಸಿಗ್ನಲ್ ಏರಿಸುವ ಸರ್ಕ್ಯೂಟ್) ಬೇರೆ. ಮರ ಕೊರೆಸಲು ಮನಸ್ಸಿಲ್ಲದಿದ್ದರೆ ಆ ಆಸೆ ಬಿಡುವುದೇ ಒಳ್ಳೆಯದು.

ಇಷ್ಟೆಲ್ಲ ಮಾಡಿದ ಮೇಲೂ ಬದಲಿಸಲೇಬೇಕು ಎನಿಸಿದರೆ ಖಂಡಿತ ಬದಲಿಸಿ. ಅಗ್ಗದ ಬೇಸ್‌ಗಳಲ್ಲಿ ಕಿರುಚುವ, ಗುಂಯ್‌ಗುಟ್ಟುವ ಪಿಕಪ್‌ಗಳು ಇದ್ದೇ ಇರುತ್ತವೆ. ಆದರೆ ಹಳೆಯದನ್ನು ಬಿಚ್ಚುವ ಮುಂಚೆ ಹೊಸ ತಂತಿ ಹಾಕಿ, ಕಾರ್ಡ್‌ನಿಂದ ಎತ್ತರ ಹೊಂದಿಸಿ, ಈಕ್ಯೂ (ತಗ್ಗು-ಎತ್ತರ ಸ್ವರಗಳ ಹೊಂದಿಕೆ) ಮುಟ್ಟದೆ ಎರಡು ನಿಮಿಷ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಬದಲಿಸಿದ ಮೇಲೆ ಅದೇ ಕೇಬಲ್‌ನಲ್ಲಿ ಅದನ್ನೇ ನುಡಿಸಿ, ಎರಡರ ವಾಲ್ಯೂಮ್ ಸಮ ಮಾಡಿ ಕೇಳಿ. ಜೋರಾಗಿರುವುದು ಚೆನ್ನಾಗಿದೆ ಎಂದು ಕಿವಿ ಯಾವಾಗಲೂ ಸುಳ್ಳು ಹೇಳುತ್ತದೆ. ಯಾವುದು ಯಾವುದೆಂದು ತಿಳಿಯದ ಗೆಳೆಯನಿಗೆ ಕೇಳಿಸಿದರೆ ಇನ್ನೂ ಒಳ್ಳೆಯದು.

ಕೊಳ್ಳುವಾಗ ಅಳತೆ ನೋಡಿ. ಜಾಜ್‌ನ ಅಸಲು ಮಾದರಿಯಲ್ಲಿ ನೆಕ್ ಪಿಕಪ್ ಬ್ರಿಜ್‌ನದ್ದಕ್ಕಿಂತ ಸುಮಾರು 2 ಮಿ.ಮೀ. ಗಿಡ್ಡ, ಅಗ್ಗದ ಹಲವು ಬೇಸ್‌ಗಳಲ್ಲಿ ಎರಡೂ ಒಂದೇ ಅಳತೆ. ಡಬ್ಬಿ ಒಡೆದ ಮೇಲೆ ಇದು ಗೊತ್ತಾದರೆ ಮರ ತುರಿಯುವುದೇ ಗತಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಲ್ಲಿ ಪಾಟ್ ಕೇಳುವಾಗ '250ಕೆ' ಎಂದಷ್ಟೇ ಹೇಳಿದರೆ ಲೀನಿಯರ್ (ತಿರುಗಿಸಿದಂತೆ ಒಂದೇ ಸಮ ಏರುವ, ಕಿವಿಗೆ ಹೊಂದದ) ಪಾಟ್ ಕೈಗೆ ಬರುವ ಸಂಭವವೇ ಹೆಚ್ಚು. ಪಾಟ್‌ನ ಮೇಲೆ 'ಎ250ಕೆ' ಎಂದಿರಲಿ. 'ಬಿ' ಇದ್ದರೆ ಲೀನಿಯರ್. ದೊಡ್ಡ ಪಾಟ್‌ನ ಕುತ್ತಿಗೆ 9.5 ಮಿ.ಮೀ., ಅಗ್ಗದ ಬೇಸ್‌ನ ಪ್ಲೇಟ್‌ನಲ್ಲಿ ತೂತು 7 ಅಥವಾ 8. ಟೋನ್‌ಗೆ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದು ಹತ್ತು ರೂಪಾಯಿಯದ್ದೋ ಸಾವಿರದ್ದೋ ಎಂದು ಟೋನ್ ಪೂರ್ತಿ ತೆರೆದಾಗ ಹೇಳಬಲ್ಲ ಕಿವಿ ಇದ್ದರೆ ನಮಸ್ಕಾರ.

ಪಾಟ್‌ನ ಬೆನ್ನಿಗೆ ಗ್ರೌಂಡ್ ಕೂರಿಸಲು 40 ವ್ಯಾಟ್‌ಗಿಂತ ಕಡಿಮೆಯ ಐರನ್ ಸಾಲದು. ಬೆನ್ನನ್ನು ಮರಳುಕಾಗದದಿಂದ ಉಜ್ಜಿ, ಬೇಗ ಬಿಸಿ ಮಾಡಿ ಬೇಗ ತೆಗೆಯಿರಿ. ಎರಡೂ ಪಿಕಪ್ ಒಟ್ಟಿಗೆ ತೆರೆದಾಗ ಸದ್ದು ತೆಳ್ಳಗೆ, ಟೊಳ್ಳಾಗಿ ಕೇಳಿದರೆ ಫೇಸ್ ಉಲ್ಟಾ ಆಗಿದೆ, ಅಂದರೆ ಒಂದರ ಸಿಗ್ನಲ್ ಇನ್ನೊಂದನ್ನು ಕಳೆಯುತ್ತಿದೆ. ಒಂದರ ಎರಡು ವೈರ್ ಅದಲುಬದಲು ಮಾಡಿ. ತಂತಿ ಮುಟ್ಟಿದಾಗ ಗುಂಯ್ ಸದ್ದು ಇಳಿಯಬೇಕು. ಇಳಿಯದಿದ್ದರೆ, ಅಥವಾ ಏರಿದರೆ, ಬ್ರಿಜ್‌ನ ಅಡಿಯ ಗ್ರೌಂಡ್ ವೈರ್ ಬಿಟ್ಟಿದೆಯೇ ನೋಡಿ. ಮೈಕ್ ಮುಟ್ಟಿದಾಗ ತುಟಿಗೆ ಜುಮ್ಮೆಂದರೆ ಮಾತ್ರ ಅದು ಬೇಸ್‌ನ ಕೆಲಸವಲ್ಲ, ಪೆಂಡಾಲಿನ ಅರ್ತಿಂಗ್. ನುಡಿಸುವುದು ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ, ಅದರಲ್ಲಿ ಚೌಕಾಸಿ ಬೇಡ.

ಆಕ್ಟಿವ್, ಅಂದರೆ ಬ್ಯಾಟರಿಯಿಂದ ನಡೆಯುವ ಪಿಕಪ್ ಹಾಕುವವರು ಅದರ ಜೊತೆ ಬರುವ 25ಕೆ ಪಾಟ್‌ಗಳನ್ನೇ ಹಾಕಿ. ಹಳೆಯ 250ಕೆ ಉಳಿಸಿದರೆ ವಾಲ್ಯೂಮ್ ಸ್ವಿಚ್ಚಿನ ಹಾಗೆ ವರ್ತಿಸುತ್ತದೆ. ಜ್ಯಾಕ್ ಸ್ಟೀರಿಯೋ ಇರಬೇಕು, ಪ್ಲಗ್ ಚುಚ್ಚಿದಾಗ ಬ್ಯಾಟರಿ ಆನ್ ಆಗುವುದು ಅದರಿಂದಲೇ. ಸದಾ ಕೇಬಲ್ ಚುಚ್ಚಿಟ್ಟು 9 ವೋಲ್ಟ್ ಬೇಗ ಸತ್ತಿತು ಎಂದು ಪಿಕಪ್ಪನ್ನು ಬೈಯಬೇಡಿ.

ಕಳಚಿದ ಹಳೆ ಪಿಕಪ್ಪಿನ ವೈರನ್ನು ಗಿಡ್ಡ ಕತ್ತರಿಸದೆ ಸೋಲ್ಡರ್ ಬಿಡಿಸಿ ತೆಗೆಯಿರಿ. ಯಾವ ವೈರ್ ಹಾಟ್ (ಸಿಗ್ನಲ್‌ನದ್ದು), ಯಾವುದು ಗ್ರೌಂಡ್, ಎಷ್ಟು ಕಾರ್ಡ್ ಎತ್ತರದಲ್ಲಿತ್ತು ಎಂದು ಚೀಟಿ ಬರೆದು ಹೊಸದರ ಡಬ್ಬಿಯಲ್ಲೇ ಇಡಿ. ಸಿಲಿಕಾ ಜೆಲ್‌ನ ಒಂದು ಪೊಟ್ಟಣ ಹಾಕಲು ಮರೆಯಬೇಡಿ. ರೆಕಾರ್ಡಿಂಗ್ ಹೋಲಿಸಿ ನೋಡಿದ ಮೇಲೆ ಆ ಡಬ್ಬಿಯನ್ನು ಮತ್ತೆ ತೆಗೆಯುವವರು ನೀವಂದುಕೊಂಡಷ್ಟು ಕಮ್ಮಿಯಿಲ್ಲ.